ಲಾವಣಿ ಹದ್ದು

ಹಂಪಸಾಗರದ ಮೈಲಾರೇಶನ ಮದುವೆಗೆ ಕಲ್ಲು ಹಾಕಿದ್ದು ಪೇಪರಿನ ಒಳಪುಟದ ಮೂಲೆಯಲ್ಲಿ ತೆಪ್ಪಗೆ ಕೂತಿದ್ದ ಒಂದೂವರೆ ಅಕ್ಷರದ ಪದ. ಅದು ಅಲ್ಲೇ ಕೂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಗಾದೆಪ್ಪನ ಬಾಯಿಗೆ ಬಿತ್ತು.

ಗಾದೆಪ್ಪ ಮೈಲಾರೇಶನ ಪಕ್ಕದ ಮನೆಯವನು. ಒಂದು ಸಲ ಪಂಚಾಯ್ತಿ ಮೆಂಬರ್ ಆಗಿದ್ದ. ಅಂದಿನಿಂದ ಊರಿನ ಯಾವ ವಿಷಯವನ್ನೂ ತನ್ನದಲ್ಲವೆಂದು ಬಿಟ್ಟವನಲ್ಲ. ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಗ್ಗಾಣಿ ತಿನ್ನುತ್ತಾ ಪೇಪರನ್ನು ಗಟ್ಟಿಯಾಗಿ ಓದುವುದು ಅವನ ವ್ರತ. ಯಾರೂ ಕೇಳಿರುವುದಿಲ್ಲ, ಆದರೂ ಇಡೀ ಊರೇ ಅರ್ಜಿ ಹಾಕಿಕೊಂಡಂತೆ ಓದುತ್ತಾನೆ. ಅವತ್ತು, ನೇವಿಯ ಕೆಲಸದಿಂದ ರಜೆಗೆ ಬಂದಿದ್ದ ಮೈಲಾರೇಶ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಳ್ಳಲು ಅಲ್ಲಿಗೆ ಬಂದದ್ದೂ ಗಾದೆಪ್ಪ ಒಳಪುಟಕ್ಕೆ ಬಂದದ್ದೂ ಒಟ್ಟಿಗೇ ಆಯಿತು.

“‘ಸಮುದ್ರದ ಮೇಲೆ ನಿಗಾ ಇಡಲು ನೌಕಾಪಡೆಯು ಲೀಸ್‌ಗೆ ಪಡೆದಿರುವ ಡ್ರೋನ್‌ಗಳು...’” ಗಾದೆಪ್ಪ ಓದು ನಿಲ್ಲಿಸಿ ಕನ್ನಡಕ ತೆಗೆದ. “ಲೇ ಮೈಲಾರಿ, ನಿಮ್ಮ ನೇವಿ ಸುದ್ದಿ ಬಂದೈತಿ ನೋಡು. ಲೀಸು ಅಂದ್ರ ಲಾವಣಿ ಅಲ್ಲೇನಲೇ?”

ಮೈಲಾರೇಶ ಆಚೀಚೆ ನೋಡಿದ. “ಹಂಗೇನಿಲ್ಲ ಮಾವ. ಅದು ಬ್ಯಾರೆ.”

“ಬ್ಯಾರೆ ಹೆಂಗಾಕ್ಕೈತಿ? ಹೊಲ ಒಬ್ಬಂದು, ಬಿತ್ತೋನು ಇನ್ನೊಬ್ಬ. ಇಮಾನ ಒಬ್ಬಂದು, ಹಾರ್ಸೋನು ಇನ್ನೊಬ್ಬ. ಲಾವಣಿನೇ ಅದು! ಅಲ್ಲಪಾ, ಅಷ್ಟು ದೊಡ್ಡ ಸಮುದ್ರ ಇಟ್ಕೊಂಡು ಸ್ವಂತದ್ದೊಂದು ಡ್ರೋನ್ ಹದ್ದು ಇಟ್ಕೊಳ್ಳಾಕ ಆಗ್ಲಿಲ್ಲೇನು ಅವ್ರಿಗೆ?”

“ಮಾವ, ಮೆತ್ತಗ ಮಾತಾಡು. ಇವತ್ತು ನಮ್ಮನಿಗೆ ಬೀಗ್ರು ಬರ್ತಾರ.”

“ಗೊತ್ತೈತಿ. ಅದಕ್ಕ ಹೇಳಾಕ ಹತ್ತೀನಿ. ನಿಮ್ಮ ನೇವಿಯೋರಿಗೆ ಹೇಳು, ಒಂದೆರಡು ವರ್ಷ ವಾಪಸ್ ಕೊಡದಂಗ ಹಾರ್ಸಿ, ಆಮ್ಯಾಲೆ ಒಂದು ಡಿಕ್ಲರೇಷನ್ ಒಗೀರಿ ಅಂತ. ಉಳುವವನೇ ಒಡೆಯ ಅಂದಂಗ ಹಾರ್ಸೋನೇ ಒಡೆಯ. ಹದ್ದು ನಿಮ್ದೇ ಆಕ್ಕೈತಿ!”

ಹೋಟೆಲಿನವರೆಲ್ಲ ನಕ್ಕರು. ಮೈಲಾರೇಶನಿಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಮನೆ ನೋಡಲು ಬರುತ್ತಿದ್ದವರು ಹೆಣ್ಣಿನ ತಂದೆ, ಕೂಡ್ಲಿಗಿ ಕಡೆಯ ನಾಗೇಂದ್ರಪ್ಪ. ಅವರಪ್ಪ ಹಿಂದೊಮ್ಮೆ ಕೆರೆ ಕೆಳಗಿನ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಟ್ಟಿದ್ದರು. ಭೂಸುಧಾರಣೆ ಕಾನೂನು ಬಂದಾಗ ಲಾವಣಿ ಹಾಕಿಕೊಂಡವನು ಉಳುವವನು ನಾನೇ ಎಂದು ಡಿಕ್ಲರೇಷನ್ ಫಾರಂ ತುಂಬಿ ಕೊಟ್ಟ, ಹೊಲ ಅವನದೇ ಆಯಿತು. ಅಂದಿನಿಂದ ಆ ಮನೆಯಲ್ಲಿ ಲಾವಣಿ ಎನ್ನುವುದು ದೀಪ ಹಚ್ಚಿದ ಮೇಲೆ ಹೆಸರೆತ್ತಬಾರದ ಹುಳದಂತೆ. ನಾಗೇಂದ್ರಪ್ಪ ಜೀವಮಾನದಲ್ಲಿ ಬಾಡಿಗೆ ಸೈಕಲ್ ಮುಟ್ಟಿದವರಲ್ಲ. ಶಾಮಿಯಾನ ಬಾಡಿಗೆಗೆ ತರಬೇಕಾದೀತೆಂದು ಹಿರಿಮಗಳ ಮದುವೆಯನ್ನು ಬೇವಿನ ಮರದ ಕೆಳಗೆ ಮುಗಿಸಿದವರು. ಹೆಣ್ಣು ನೋಡಲು ಹೋದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ನೌಕರಿ ಖಾಯಂ ಐತೇನಪಾ?”

ಮೈಲಾರೇಶ ಬಾಯಿ ತೆರೆಯುವುದರೊಳಗೆ ಅವನ ತಾಯಿ ಹೊನ್ನೂರಮ್ಮ ಉತ್ತರ ಕೊಟ್ಟಾಗಿತ್ತು. “ಖಾಯಂ ಅಂದ್ರ ಖಾಯಂ ರೀ! ನೇವಿ ಇಮಾನ ಎಲ್ಲಾ ಇವನ ಕೈಯಾಗ ಅದಾವು. ಇವ ಹೂಂ ಅಂದ್ರ ಮ್ಯಾಲೆ ಏಳ್ತಾವು.”

ತಿದ್ದಬೇಕೆಂದು ಮೈಲಾರೇಶನಿಗೆ ನಿಜವಾಗಿ ಅನ್ನಿಸಿತ್ತು. ಅಷ್ಟರಲ್ಲಿ ನಾಗೇಂದ್ರಪ್ಪನ ಕಿರಿಮಗಳು ರಮಾ ಚಹಾ ತಂದಳು. ತಟ್ಟೆ ಮುಂದೆ ಹಿಡಿದು, ಯಾರಿಗೂ ಕೇಳದಂತೆ, “ನೀವಿರೋ ಕಡಿಯಿಂದ ಸಮುದ್ರ ಕಾಣ್ತೈತೇನ್ರಿ?” ಎಂದಳು. ಕೂಡ್ಲಿಗಿಯ ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ಕಂಡ ಹುಡುಗಿ ಅವಳು. ಆ ಕಣ್ಣು ನೋಡಿದ ಮೇಲೆ ಮೈಲಾರೇಶನಿಗೆ ತಿದ್ದುಪಡಿಯೆಲ್ಲ ಮರೆತುಹೋಯಿತು. “ಕಾಣ್ತೈತಿ. ತೋರಿಸ್ತೀನಿ,” ಎಂದುಬಿಟ್ಟ. ಆಮೇಲೆ ಫೋನಿನಲ್ಲೂ ಅವಳು ಅದನ್ನೇ ಕೇಳುತ್ತಿದ್ದಳು, ಇವನು ಅದನ್ನೇ ಹೇಳುತ್ತಿದ್ದ.

ನಿಜ ಸಂಗತಿ ಇಷ್ಟು. ದೂರದ ಕಡಲ ತೀರದ ನೌಕಾನೆಲೆಯಲ್ಲಿ ಆ ಡ್ರೋನ್‌ಗಳಿದ್ದದ್ದು ನಿಜ. ಉದ್ದ ರೆಕ್ಕೆ, ಸಣ್ಣ ಹೊಟ್ಟೆಯ ಅವು ಇವತ್ತು ಬೆಳಿಗ್ಗೆ ಎದ್ದರೆ ನಾಳೆ ಮಧ್ಯಾಹ್ನದವರೆಗೂ ಕೆಳಗಿಳಿಯದೆ ಸಮುದ್ರ ಕಾಯುತ್ತಿದ್ದದ್ದೂ ನಿಜ. ಆದರೆ ಅವು ಏಳುವ ಮುಂಚೆ ರನ್‌ವೇ ಮೇಲಿನ ಅಸಲಿ ಹದ್ದುಗಳನ್ನೂ ಕೊಕ್ಕರೆಗಳನ್ನೂ ಓಡಿಸಲು ಒಬ್ಬ ಮನುಷ್ಯ ಬೇಕಲ್ಲ, ಆ ಮನುಷ್ಯ ಮೈಲಾರೇಶ. ಆಳುಗಳನ್ನು ಒದಗಿಸುವ ಗುತ್ತಿಗೆದಾರ ಸಂದರ್ಶನದಲ್ಲಿ ಅನುಭವ ಏನೆಂದು ಕೇಳಿದಾಗ ಇವನು, “ಜೋಳದ ಹೊಲದಾಗ ಹಕ್ಕಿ ಕಾದೀನ್ರಿ” ಎಂದಿದ್ದ. ಬೇರೆ ಪ್ರಶ್ನೆ ಕೇಳದೆ ತೆಗೆದುಕೊಂಡಿದ್ದರು. ಚಿಕ್ಕಂದಿನಿಂದ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಬೀಸಿ ಬೇಸತ್ತು ಊರು ಬಿಟ್ಟವನಿಗೆ ಸಿಕ್ಕಿದ್ದು ಅದೇ ಕೆಲಸ. ಜೋಳದ ಬದಲು ಡಾಂಬರು, ಅಷ್ಟೇ ವ್ಯತ್ಯಾಸ. ರಜೆಗೆ ಬಂದಾಗಲೂ ಆ ಕವಣೆ ಅವನ ಜೊತೆಗೇ ಬಂದು ಅಂಗಳದ ಗೋಡೆಯ ಗೂಟಕ್ಕೆ ನೇತುಬಿದ್ದಿತ್ತು.

ಹೋಟೆಲಿನಲ್ಲಿ ಲಾವಣಿಯ ಮಾತು ತಪ್ಪಿಸಲು ಮೈಲಾರೇಶ ಮಾಡಬಾರದ ಕೆಲಸ ಮಾಡಿದ. ಬಡಾಯಿ ಕೊಚ್ಚಿದ.

“ಅದನ್ನ ಬಿಡು ಮಾವ. ಅದರ ಕಣ್ಣು ಎಂಥದ್ದು ಗೊತ್ತೇನು? ಮೋಡದ ಮ್ಯಾಲಿಂದ ನೋಡಿ, ಹಡಗಿನ ಮ್ಯಾಲೆ ನಿಂತೋನು ಬೀಡಿ ಸೇದ್ತಾನೋ ಸಿಗರೇಟು ಸೇದ್ತಾನೋ ಹೇಳ್ತೈತಿ.”

ಹೋಟೆಲಿನಲ್ಲಿ ಬೀಡಿ ಸೇದುತ್ತಿದ್ದವನು ಮೆಲ್ಲಗೆ ಬೀಡಿ ಕೆಳಗಿಟ್ಟ.

“ಹಂಗಾರ ನಮ್ಮೂರು ಕಾಣ್ತೈತೇನು?” ಎಂದ ಗಾದೆಪ್ಪ.

“ಕಂಡ್ರೂ ಕಾಣಬೌದು.”

ಅಷ್ಟು ಸಾಕಾಯಿತು. ಮೈಲಾರೇಶ ಮಿರ್ಚಿ ಪೊಟ್ಟಣ ಹಿಡಿದು ಅರ್ಧ ದಾರಿ ಬರುವಷ್ಟರಲ್ಲಿ ಅವನ ಲಾವಣಿ ಹದ್ದು ಹಂಪಸಾಗರದ ನೆತ್ತಿಯ ಮೇಲೆ ಬಂದು ನಿಂತಿದೆಯೆಂದು ಸುದ್ದಿ ಹರಡಿತ್ತು. ಆಲದ ಮರದ ಕೆಳಗಿನ ಇಸ್ಪೀಟು ಮಂಡಳಿ ಎಲೆಗಳನ್ನು ಲುಂಗಿಯೊಳಗೆ ಸಿಕ್ಕಿಸಿಕೊಂಡು ಭಜನೆ ಶುರು ಮಾಡಿತ್ತು. ಚೊಂಬು ಹಿಡಿದು ಅಣೆಕಟ್ಟಿನ ಹಿನ್ನೀರಿನ ಕಡೆ ಹೊರಟಿದ್ದವರು ಆಕಾಶ ನೋಡಿ, ಹೊಟ್ಟೆ ಹಿಡಿದುಕೊಂಡು ವಾಪಸ್ ಬರುತ್ತಿದ್ದರು. ತಲೆ ಮೇಲೆ ಸೂರಿಲ್ಲದ ಬಚ್ಚಲುಗಳಿಗೆಲ್ಲ ಸೀರೆ ಹೊದಿಸಿ ಹಗ್ಗ ಕಟ್ಟಿದ್ದರು. “ಮೈಲಾರೆಪ್ಪಾ, ನಿನ್ನ ಇಮಾನಕ್ಕ ನಾಚಿಕಿ ಮಾನ ಇಲ್ಲೇನೋ?” ಎಂದು ಬಚ್ಚಲೊಂದು ಬೈಯಿತು.

ಓಣಿಯ ತಿರುವಿನಲ್ಲಿ ಬೊಮ್ಮಮ್ಮ ಸಿಕ್ಕಳು. ಅವಳ ಎಮ್ಮೆ ನಿನ್ನೆ ಸಂಜೆಯಿಂದ ಮನೆಗೆ ಬಂದಿರಲಿಲ್ಲ.

“ಯಪ್ಪಾ, ನಿನ್ನ ಹದ್ದಿಗೆ ಒಂದು ಫೋನು ಹಚ್ಚು. ನನ್ನ ಎಮ್ಮಿ ಎಲ್ಲೈತಿ ಕೇಳು.”

“ಅವ್ವಾ, ಅದು ಸಮುದ್ರ ಕಾಯೋ ಹದ್ದು. ಎಮ್ಮಿ ಕಾಯೋದಲ್ಲ.”

“ಸಮುದ್ರದಾಗ ಏನು ಕಳುವು ಆಕ್ಕೈತಿ, ನೀರೇನು? ನನ್ನ ಎಮ್ಮಿ ಕಳುವಾಗೈತಿ. ಹಚ್ಚು ಫೋನು!” ಬೊಮ್ಮಮ್ಮ ಅವನ ಅಂಗಿ ಹಿಡಿದು ಬಿಡಲಿಲ್ಲ. ಬೀಗರ ಬಸ್ಸು ಬರುವ ಹೊತ್ತಾಗಿತ್ತು. ಮೈಲಾರೇಶ ಫೋನನ್ನು ಕಿವಿಗಿಟ್ಟುಕೊಂಡು ಗಾಳಿಯ ಜೊತೆ ಹಾಂ, ಹೂಂ ಎಂದು ಮಾತಾಡಿ, “ಹಿನ್ನೀರಿನ ದಂಡಿಗೆ ಮೇಯಾಕ ಹತ್ತೈತಂತ” ಎಂದ. ಅವಳು ಅವನ ಹೊಟ್ಟೆ ತಣ್ಣಗಿರಲೆಂದು ಹರಸಿ ಆ ಕಡೆ ಓಡಿದಳು.

ಮೈಲಾರೇಶ ಮನೆಯ ಹಿತ್ತಲಿಗೆ ಬಂದು ನೋಡಿದರೆ, ಬೊಮ್ಮಮ್ಮನ ಎಮ್ಮೆ ಅವನ ಮನೆಯ ಗೋದಲಿಯಲ್ಲಿ ಮೇವು ತಿನ್ನುತ್ತಾ ನಿಂತಿತ್ತು.

“ಯವ್ವಾ, ಇದೇನಿದು!”

“ಬಾಯಿ ಮುಚ್ಚು,” ಎಂದಳು ಹೊನ್ನೂರಮ್ಮ. “ಬೆಳಿಗ್ಗೆ ತಾನಾಗೇ ಬಂತು. ಮನಿ ನೋಡಾಕ ಬರೋರ ಕಣ್ಣಿಗೆ ಗೋದ್ಲಿ ಬರಿದು ಕಾಣಬಾರದು. ಬೀಗ್ರು ಹೋಗೋತನ ನಮ್ಮ ಎಮ್ಮಿ. ಆಮ್ಯಾಲೆ ಅವಳ ಎಮ್ಮಿ.”

ಬೊಮ್ಮಮ್ಮ ಈಗ ಹಿನ್ನೀರಿನ ಕೆಸರಿನಲ್ಲಿರುತ್ತಾಳೆಂದು ನೆನೆದು ಮೈಲಾರೇಶನಿಗೆ ಪಾಪಪ್ರಜ್ಞೆಯಾಯಿತು. ಆದರೆ ಅದಕ್ಕೂ ಪುರುಸೊತ್ತಿರಲಿಲ್ಲ. ಗಾದೆಪ್ಪನನ್ನೂ ಕಟ್ಟೆಯ ಮೇಲಿದ್ದ ನಾಲ್ವರನ್ನೂ ಕರೆದು ಕೈ ಮುಗಿದ. “ಇವತ್ತೊಂದಿನ ಆ ಪದ ಯಾರೂ ಅನ್ನಬ್ಯಾಡ್ರಿ. ನನ್ನ ಬಾಳೇವು ನಿಮ್ಮ ನಾಲಿಗಿ ಮ್ಯಾಲೈತಿ.”

“ನಾನ್ಯಾಕ ಅಂತೀನಲೇ? ಲಾವಣಿ ಅನ್ನೋ ಮಾತೇ ನನ್ನ ಬಾಯಾಗ ಬರಂಗಿಲ್ಲ,” ಎಂದು ಗಾದೆಪ್ಪ ಎದೆ ಮುಟ್ಟಿಕೊಂಡ.

ನಾಗೇಂದ್ರಪ್ಪ ಬಾಡಿಗೆ ಜೀಪು ಬೇಡವೆಂದು ಸರ್ಕಾರಿ ಬಸ್ಸಿನಲ್ಲೇ ಬಂದರು. ಜೊತೆಗೆ ಅವರು ಹೇಳಿದ್ದಕ್ಕೆಲ್ಲ ಹೌದೆನ್ನಲು ನಾಲ್ಕು ಜನ ಹಿರಿಯರು. ಅಂಗಳದಲ್ಲಿ ಜಮಖಾನೆ ಹಾಸಿತ್ತು. ನಾಗೇಂದ್ರಪ್ಪ ಗೋಡೆ ತಟ್ಟಿ ನೋಡಿದರು, ತೊಲೆ ಎಣಿಸಿದರು, ಹಿತ್ತಲಿಗೆ ಹೋಗಿ ಎಮ್ಮೆಯ ಬೆನ್ನು ಸವರಿದರು.

“ಎಮ್ಮಿ ಸ್ವಂತದ್ದೇನ್ರಿ?”

“ಹುಟ್ಟಿದಾಗಿಂದ ನಮ್ದೇ ರೀ,” ಎಂದಳು ಹೊನ್ನೂರಮ್ಮ. ಎಮ್ಮೆ ತಲೆಯೆತ್ತಿ ಅವಳನ್ನು ಒಮ್ಮೆ ನೋಡಿತು.

ಎಲ್ಲರೂ ಅಂಗಳಕ್ಕೆ ಬಂದು ಕೂತರು. ವಗ್ಗಾಣಿ, ಮಿರ್ಚಿ ಬಂದವು. ನಾಗೇಂದ್ರಪ್ಪ ಮಿರ್ಚಿಯ ತೊಟ್ಟು ಹಿಡಿದು ತಮ್ಮ ಕಷ್ಟ ಹೇಳಿಕೊಂಡರು. “ಹೊಲದ ತುಂಬ ಸೂರ್ಯಕಾಂತಿ ಹಾಕೀನ್ರಿ. ಹೋದ ಸಲ ಒಂದು ಕಾಳು ಮನಿಗೆ ಬರ್ಲಿಲ್ಲ, ಎಲ್ಲಾ ಗಿಣಿ ಪಾಲು. ಕಾಯಾಕ ಆಳು ಸಿಗವಲ್ರು. ಈಗಿನ ಹುಡುಗ್ರಿಗೆ ಕವಣಿ ಯಾವ ಕೈಯಾಗ ಹಿಡೀಬೇಕು ಅನ್ನೋದೂ ಗೊತ್ತಿಲ್ಲ.” ಹಿರಿಯರು ಹೌದೆಂದರು. “ಇರ್ಲಿ. ಅಳಿಯಾರೇ, ನಿಮ್ಮ ಡ್ರೋನ್ ಸುದ್ದಿ ಹೇಳ್ರಿ. ಅದು ಸರ್ಕಾರದ್ದೇ ಅಲ್ಲೇನು?”

ಮೈಲಾರೇಶ ಅವರ ತಟ್ಟೆಗೆ ಇನ್ನೊಂದು ಮಿರ್ಚಿ ಬಡಿಸಿದ. ಗಾದೆಪ್ಪ ಅವನ ನೆರವಿಗೆ ನುಗ್ಗಿದ. “ಅದರ ಸುದ್ದಿ ಕೇಳಬ್ಯಾಡ್ರಿ ಯಜಮಾನ್ರೇ. ನಮ್ಮ ಹುಡುಗ ಒಂದು ಪದ ಅನ್ನಬ್ಯಾಡ ಅಂದಾನ. ಆ ಪದ ನಾ ಸತ್ರೂ ಅನ್ನಂಗಿಲ್ಲ.”

“ಯಾವ ಪದ?” ನಾಗೇಂದ್ರಪ್ಪನ ಹುಬ್ಬು ಮೇಲೇರಿತು.

ಆಗಲೇ ಬಾಗಿಲಲ್ಲಿ ಬೊಮ್ಮಮ್ಮ ಕಾಣಿಸಿಕೊಂಡಳು. ಸೊಂಟದವರೆಗೆ ಕೆಸರು, ತಲೆಯಲ್ಲಿ ಜೊಂಡು. “ಎಲ್ಲಿ ಅವನು? ಲೇ ಮೈಲಾರಿ, ನಿನ್ನ ಲಾವಣಿ ಹದ್ದಿನ ಕಣ್ಣು ಇಂಗಿ ಹೋಗ್ಲಿ! ಹಿನ್ನೀರಾಗ ಎಮ್ಮಿ ಇಲ್ಲ, ಎಮ್ಮಿ ಸಗಣಿನೂ ಇಲ್ಲ. ನಾನೇ ಹುಗಿದು ಹೋಗಿದ್ದೆ!”

ಅವಳ ದನಿ ಕೇಳಿ ಹಿತ್ತಲಿನಿಂದ ಎಮ್ಮೆ ‘ಒಂಯ್’ ಎಂದಿತು. ಹುಟ್ಟಿದಾಗಿನಿಂದ ಯಾರದೆಂದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಬೊಮ್ಮಮ್ಮ ಹಿತ್ತಲಿಗೆ ಓಡಿ ಎಮ್ಮೆಯ ಕೊರಳು ತಬ್ಬಿಕೊಂಡು ಅಲ್ಲಿಂದಲೇ ಹೊನ್ನೂರಮ್ಮನ ಏಳು ತಲೆಮಾರನ್ನು ಹರಾಜು ಹಾಕತೊಡಗಿದಳು. ನಾಗೇಂದ್ರಪ್ಪ ತಟ್ಟೆ ಕೆಳಗಿಟ್ಟರು.

“ಎಮ್ಮಿ ಎರವಲು. ಹದ್ದು ಲಾವಣಿ. ಹೌದೇನಪಾ?”

“ಹೌದ್ರಿ,” ಎಂದ ಮೈಲಾರೇಶ. ಸುಳ್ಳು ಹೇಳಲು ಇನ್ನು ಜಾಗವೇ ಉಳಿದಿರಲಿಲ್ಲ.

“ಏಳ್ರಿ ಹೋಗೋಣ,” ಎಂದು ನಾಗೇಂದ್ರಪ್ಪ ಎದ್ದುನಿಂತರು. ಹಿರಿಯರು ಹೌದೆಂದು ಎದ್ದರು, ಒಬ್ಬರು ಮಾತ್ರ ಮಿರ್ಚಿ ಮುಗಿಸಿ ಎದ್ದರು. ಮೈಲಾರೇಶನಿಗೆ ರಮಾಳ ಕಣ್ಣು ನೆನಪಾಯಿತು.

ಅದೇ ಹೊತ್ತಿಗೆ ಅಂಗಳದ ಮೇಲೆ ಉದ್ದ ರೆಕ್ಕೆಯ ನೆರಳೊಂದು ಸರಿಯಿತು.

“ಬಂತು! ಡ್ರೋನ್ ಬಂತು!” ಎಂದು ಗಾದೆಪ್ಪ ಕಿರುಚಿ ಅಂಗಳದ ಮೂಲೆಯಲ್ಲಿದ್ದ ಮಂಚದ ಕೆಳಗೆ ತೂರಿದ. ಕಟ್ಟೆಯ ಮೇಲಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಬಂದದ್ದು ಊರಿನದೇ ಹದ್ದು. ಸರ್ರನೆ ಇಳಿದು ನಾಗೇಂದ್ರಪ್ಪನ ತಟ್ಟೆಯಿಂದ ಮಿರ್ಚಿ ಎತ್ತಿಕೊಂಡು ಮೇಲೇರಿತು.

ಮೈಲಾರೇಶ ಏನು ಮಾಡುತ್ತಿದ್ದೇನೆಂದು ಯೋಚಿಸಲೇ ಇಲ್ಲ. ಕೈ ತಾನಾಗಿಯೇ ಗೂಟದ ಕವಣೆಗೆ ಹೋಯಿತು, ಅಂಗಳದ ಕಲ್ಲೊಂದು ಅದರೊಳಗೆ ಕೂತಿತು. ಎರಡು ಸುತ್ತು ಬೀಸಿ ಬಿಟ್ಟ. ಕಲ್ಲು ಹದ್ದಿನ ರೆಕ್ಕೆಯ ಪಕ್ಕದಲ್ಲೇ ಸುಂಯ್ಯೆಂದು ಹೋಯಿತು. ಹದ್ದಿಗೆ ಗಾಯವಾಗಲಿಲ್ಲ, ಆದರೆ ಗಾಬರಿಯಾಗಿ ಮಿರ್ಚಿ ಬಿಟ್ಟಿತು. ಮಿರ್ಚಿ ತಿರುಗುತ್ತಾ ಬಂದು ನಾಗೇಂದ್ರಪ್ಪನ ತಟ್ಟೆಗೇ ಬಿತ್ತು.

ನಾಗೇಂದ್ರಪ್ಪ ಮಿರ್ಚಿ ನೋಡಿದರು, ಕವಣೆ ನೋಡಿದರು, ಮತ್ತೆ ಕೂತರು. ಹಿರಿಯರೂ ಕೂತರು.

“ಖರೇ ಹೇಳು. ಅಲ್ಲಿ ನಿನ್ನ ಕೆಲ್ಸ ಏನು?”

“ಹಕ್ಕಿ ಓಡ್ಸೋದ್ರಿ. ನನ್ನ ನೌಕರಿನೂ ಖಾಯಂ ಅಲ್ರಿ,” ಎಂದ ಮೈಲಾರೇಶ. ಹೇಳಿ ಮುಗಿಸಿದ ಮೇಲೆ ಬಹಳ ದಿನಗಳ ನಂತರ ಸರಾಗವಾಗಿ ಉಸಿರಾಡಿದ.

ಆಗಲೇ ಅವನ ಫೋನು ಹೊಡೆದುಕೊಂಡಿತು. ಗುತ್ತಿಗೆದಾರನ ಸೂಪರ್‌ವೈಸರ್. ಮಂಚದ ಕೆಳಗಿನಿಂದ ಹೊರಬರುತ್ತಿದ್ದ ಗಾದೆಪ್ಪ ಸ್ಪೀಕರ್ ಒತ್ತಿಬಿಟ್ಟ. ಆ ಕಡೆಯವನು ಹಿಂದಿಯಲ್ಲಿ ಗಡಗಡ ಹೇಳಿದ, ಗಾದೆಪ್ಪ ಯಾರೂ ಕೇಳದಿದ್ದರೂ ಕನ್ನಡಕ್ಕೆ ಇಳಿಸಿದ.

“ಹಕ್ಕಿ ಓಡ್ಸಾಕ ಒಂದು ಸಣ್ಣ ಡ್ರೋನ್ ಬಂದೈತಂತ. ನೀ ಇನ್ನ ಬರಾಂಗಿಲ್ಲಂತ.”

“ಅದನ್ನ ಕೊಂಡಾರೇನು ಕೇಳು,” ಎಂದರು ನಾಗೇಂದ್ರಪ್ಪ.

“ಓ ಭೀ ಲೀಸ್ ಕ್ಯಾ?” ಎಂದು ಗಾದೆಪ್ಪ ಫೋನಿಗೆ ಕೂಗಿದ. “ಹಾಂ ಹಾಂ, ಲೀಸ್!” ಎಂದು ಫೋನು ಸಂತೋಷದಿಂದ ಹೇಳಿ ಸುಮ್ಮನಾಯಿತು.

ಹೊನ್ನೂರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಮೈಲಾರೇಶ ಕವಣೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ. ನೌಕರಿ ಹೋಯಿತು, ಇನ್ನು ರಮಾಳೂ ಹೋದಳು. ಆದರೆ ನಾಗೇಂದ್ರಪ್ಪನ ಮುಖದಲ್ಲಿ ಮೊದಲ ಸಲ ನಗು ಕಾಣಿಸಿತು.

“ಅವ್ವಾ, ನಾ ಇಷ್ಟು ದಿನ ದಡ್ಡ ಆಗಿದ್ದೆ,” ಎಂದರು ಹೊನ್ನೂರಮ್ಮನಿಗೆ. “ಲಾವಣಿ ಕೊಟ್ಟೋನು ಕಳ್ಕೊಂತಾನ, ಹಾಕ್ಕೊಂಡೋನು ಗಳಿಸ್ತಾನ. ನಮ್ಮಪ್ಪ ಕೊಟ್ಟು ಕೆಟ್ಟ. ನೇವಿಯೋರು ಶಾಣ್ಯಾರು, ಹಾಕ್ಕೊಂಡ್ರು. ಈಗ ನಾನೂ ಹಾಕ್ಕೊಂತೀನಿ.”

“ಏನನ್ರಿ?”

“ನಿನ್ನ ಮಗನ್ನ. ಮನಿ ಅಳಿಯ ಅಂತ ಕರ್ಕೊಂಡು ಹೋಗ್ತೀನಿ. ಈ ಉಗಾದಿಯಿಂದ ಬರೋ ಉಗಾದಿತನ ಸೂರ್ಯಕಾಂತಿ ಕಾಯ್ಲಿ. ಚಲೋ ಕಾಯ್ದ ಅಂದ್ರ ಮದುವಿ ಮಾಡಿ ಖಾಯಂ ಮಾಡ್ತೀನಿ.”

ಗಾದೆಪ್ಪನಿಗೆ ಹೋದ ಜೀವ ಬಂತು. ಪಂಚಾಯ್ತಿ ಬಿಟ್ಟ ಮೇಲೆ ಇಂಥ ವ್ಯವಹಾರ ಅವನ ಕೈಗೆ ಸಿಕ್ಕಿರಲಿಲ್ಲ. “ಎರಡು ಹೊತ್ತು ಊಟ, ದೀಪಾವಳಿಗೆ ಅಂಗಿ ಅರಿವಿ, ಕಾರ ಹುಣ್ಣಿಮಿಗೆ ತಾಯಿ ಮನಿಗೆ ಕಳಿಸ್ಬೇಕು ನೋಡ್ರಿ,” ಎಂದು ಷರತ್ತು ಹಾಕಿದ. ಹಿರಿಯರಲ್ಲೊಬ್ಬರು ಮೈಲಾರೇಶನ ರಟ್ಟೆ ಹಿಚುಕಿ ನೋಡಿದರು. ಇನ್ನೊಬ್ಬರು ಎದ್ದು ನಾಲ್ಕು ಹೆಜ್ಜೆ ನಡೆಯಲು ಹೇಳಿದರು, ನಡೆದ. ಹಲ್ಲು ಮಾತ್ರ ನೋಡಲಿಲ್ಲ, ಅದು ಅವನ ಪುಣ್ಯ. ಹೊನ್ನೂರಮ್ಮ ಸ್ವಲ್ಪ ಅತ್ತಳು, ಸ್ವಲ್ಪ ಚೌಕಾಸಿ ಮಾಡಿದಳು, ಕೊನೆಗೆ ಎಲೆ ಅಡಿಕೆ ಕೈ ಬದಲಾದವು. ಮೈಲಾರೇಶನನ್ನು ಯಾರೂ ಏನೂ ಕೇಳಲಿಲ್ಲ. ಹೊಲವನ್ನು ಲಾವಣಿಗೆ ಕೊಡುವಾಗ ಹೊಲವನ್ನು ಯಾರಾದರೂ ಕೇಳುತ್ತಾರೆಯೇ?

ಬೀಗರು ಸಂಜೆ ಬಸ್ಸಿಗೆ ಹೋದರು. ಬೊಮ್ಮಮ್ಮ ಎಮ್ಮೆಯನ್ನೂ ಬೈಗುಳವನ್ನೂ ಹೊಡೆದುಕೊಂಡು ಮನೆಗೆ ಹೋದಳು. ರಾತ್ರಿ ಮೈಲಾರೇಶ ಜಗುಲಿಯ ಮೇಲೆ ಕೂತು ಯೋಚಿಸಿದ. ಸಂಬಳವಿಲ್ಲದಿದ್ದರೇನಂತೆ, ಕವಣೆ ಮತ್ತೆ ಕೈಗೆ ಬಂದರೇನಂತೆ, ಕೊನೆಗೆ ರಮಾ ಸಿಗುತ್ತಾಳಲ್ಲ ಎಂದು ಮನಸ್ಸು ನಿಧಾನಕ್ಕೆ ಹಗುರಾಯಿತು. ಅಷ್ಟರಲ್ಲಿ ಅವಳದೇ ಫೋನು ಬಂತು.

“ಅಪ್ಪ ಎಲ್ಲಾ ಹೇಳಿದ್ರು. ನೀವು ನಮ್ಮ ಹೊಲದಾಗ ಇರ್ತೀರಂತಲ್ರಿ?”

“ಹೂಂ ರಮಾ.”

“ಹೊಲದಿಂದ ಸಮುದ್ರ ಕಾಣ್ತೈತೇನ್ರಿ?”

ಇವತ್ತು ಸುಳ್ಳಿನ ದಾಸ್ತಾನು ಪೂರ್ತಿ ಖಾಲಿಯಾಗಿತ್ತು. “ಇಲ್ಲ,” ಎಂದ ಮೈಲಾರೇಶ.

“ಹಂಗಾರ ಕೇಳ್ರಿ. ನಿಮ್ಮನ್ನ ಲಾವಣಿ ಹಾಕ್ಕೊಂಡೋರು ಅಪ್ಪ. ಅವ್ರು ಗಿಣಿ ಲೆಕ್ಕ ನೋಡ್ಲಿ. ನನ್ನ ಲೆಕ್ಕ ಬ್ಯಾರೆ. ನೀವು ನನ್ನೋರು ಅಂತ ನಾನಿನ್ನಾ ಡಿಕ್ಲರೇಷನ್ ಕೊಟ್ಟಿಲ್ಲ.” ಫೋನು ಕಟ್ಟಾಯಿತು.

ಪಕ್ಕದ ಗೋಡೆಯ ಮೇಲೆ ಆಗಲೇ ಗಾದೆಪ್ಪನ ತಲೆ ಮೂಡಿತ್ತು. “ಏನಂದ್ಳಲೇ ಹುಡುಗಿ? ಖುಷಿ ಆದ್ಳೇನು?”

ಮೈಲಾರೇಶ ಕವಣೆಯನ್ನು ಸುತ್ತಿ ಚೀಲಕ್ಕೆ ಹಾಕಿದ.

“ಆಗ್ಯಾಳ ಮಾವ. ಫಾರಂ ಮಾತ್ರ ಇನ್ನಾ ತುಂಬಿಲ್ಲಂತ.”